ದಾವಣಗೆರೆಯ ಸಭೆ ಹಿರಿಯರ ತರಬೇತಿ: ನಾಲ್ಕು ಶನಿವಾರ ಕೂತು ಬಂದ ಮೇಲೆ

ಹೋದ ಮಳೆಗಾಲದಲ್ಲಿ ನಮ್ಮ ಕ್ರೈಸ್ತ ಸಭೆಯ ಅಯ್ಯನವರು, ಅಂದರೆ ಸಭಾಪಾಲಕರು, ಮನೆಗೆ ಬಂದು, ನಮ್ಮ ಮನೆಯವರನ್ನು ಸಭೆಯನ್ನು ನೋಡಿಕೊಳ್ಳುವ ಹಿರಿಯರನ್ನಾಗಿ ಮಾಡಬೇಕು ಅಂತ ಇದ್ದೇವೆ ಅಂದರು. ಅದಕ್ಕೆ ಮೊದಲು ದಾವಣಗೆರೆಯಲ್ಲೇ ನಾಲ್ಕು ಶನಿವಾರ ಒಂದು ತರಬೇತಿ ಇದೆ, ಹೋಗಿ ಬನ್ನಿ, ಅಮ್ಮಾ ನೀವೂ ಜೊತೆಗೆ ಹೋಗಿ ಅಂದರು. ನಾನು ಮನೆಯ ಮುಂದಿನ ಕೋಣೆಯಲ್ಲೇ ಹೊಲಿಗೆ ಅಂಗಡಿ ಇಟ್ಟುಕೊಂಡವಳು. ಶನಿವಾರ ಅಂದರೆ ಭಾನುವಾರದ ಮದುವೆಗಳ ರವಿಕೆಗೆ ಹುಕ್ಕು ಹಾಕಿ ಕೊಡುವ ದಿನ. ಆದರೂ ಹೋದೆ. ಈಗ ಹರಿಹರ, ಜಗಳೂರು ಕಡೆಯ ಸಭೆಯವರು ಹೇಗಿತ್ತು ಅಂತ ಫೋನ್ ಮಾಡಿ ಕೇಳುತ್ತಿದ್ದಾರೆ. ಒಬ್ಬೊಬ್ಬರಿಗೂ ಹೇಳುವ ಬದಲು ಬರೆದೇ ಇಡುತ್ತೇನೆ.

ನಡೆಸುವ ಸಂಸ್ಥೆಯ ಹೆಸರು ಹಾಕುತ್ತಿಲ್ಲ. ಕುಂದು ಕಂಡದ್ದನ್ನು ಅವರ ಎದುರಿಗೇ ಹೇಳಿದ್ದೇನೆ, ಬರೆದೂ ಕೊಟ್ಟಿದ್ದೇನೆ, ತಿದ್ದಿಕೊಳ್ಳಲು ಅವರಿಗೆ ಸಮಯ ಬೇಕು. ಸೇರಬೇಕು ಅನ್ನುವವರು ನಿಮ್ಮ ಸಭಾಪಾಲಕರನ್ನು ವಿಚಾರಿಸಿ. ಐದಕ್ಕೆ ನಾಲ್ಕು ಅಂಕ ಕೊಡುತ್ತೇನೆ. ಕಳೆದ ಆ ಒಂದು ಅಂಕ ಸಣ್ಣ ವಿಷಯಕ್ಕಲ್ಲ.

ಈ ವಿಷಯ ನನಗೆ ಯಾಕೆ ಇಷ್ಟು ಮುಖ್ಯ ಅಂದರೆ ನಮ್ಮಮ್ಮನ ಬೆಂಡೋಲೆ. ನಾನು ಹುಟ್ಟಿ ಬೆಳೆದದ್ದು ಚಿತ್ರದುರ್ಗ ಜಿಲ್ಲೆಯ ಹಿರಿಯೂರು ಕಡೆಯ ಹಳ್ಳಿ. ಇಪ್ಪತ್ತು ಮನೆಯ ಸಣ್ಣ ಸಭೆ, ಮಣ್ಣಿನ ಗೋಡೆ, ಮೇಲೆ ಹಳೇ ಹೆಂಚು. ನನಗೆ ಹದಿನಾಲ್ಕು ವರ್ಷ ಇದ್ದಾಗ ಚಾವಣಿಗೆ ತಗಡು ಹಾಕಿಸುತ್ತೇವೆ ಅಂತ ಕಾಣಿಕೆ ಎತ್ತಿದರು. ಅಮ್ಮನ ಹತ್ತಿರ ದುಡ್ಡಿರಲಿಲ್ಲ. ಮದುವೆಯಲ್ಲಿ ಅಜ್ಜಿ ಕೊಟ್ಟ ಬೆಂಡೋಲೆ ಬಿಚ್ಚಿ ತಟ್ಟೆಗೆ ಹಾಕಿದಳು. ಸಭೆ ನಡೆಸುತ್ತಿದ್ದವರು ಅದನ್ನೆಲ್ಲ ತೆಗೆದುಕೊಂಡು ಹೋದವರು ತಿರುಗಿ ಬರಲಿಲ್ಲ. ಲೆಕ್ಕ ಕೇಳಲು ಪುಸ್ತಕವೇ ಇರಲಿಲ್ಲ. ಆ ವರ್ಷ ಮಳೆ ಬಂದಾಗ ಹಾಡಿನ ಪುಸ್ತಕಗಳೆಲ್ಲ ನೆಂದು ಉಬ್ಬಿದವು. ಅಮ್ಮ ಅದೇ ಸೋರುವ ಹೆಂಚಿನ ಕೆಳಗೆ ಹೋಗಿ ಕೂರುವುದನ್ನು ಬಿಡಲಿಲ್ಲ, ಆದರೆ ನನ್ನ ಇಬ್ಬರು ಅಣ್ಣಂದಿರು ಅವತ್ತಿನಿಂದ ಇವತ್ತಿನವರೆಗೂ ದೇವಾಲಯದ ಮೆಟ್ಟಿಲು ಹತ್ತಿಲ್ಲ. ಒಬ್ಬ ಮನುಷ್ಯನ ನಡತೆ ಕೆಟ್ಟರೆ ಎಷ್ಟು ಮನೆಯ ನಂಬಿಕೆ ಕೆಡುತ್ತದೆ ಅನ್ನುವುದನ್ನು ನಾನು ಪುಸ್ತಕದಲ್ಲಿ ಓದಿ ಕಲಿತದ್ದಲ್ಲ.

ತರಬೇತಿ ನಡೆದದ್ದು ಪಿ.ಬಿ. ರಸ್ತೆಯಿಂದ ಸ್ವಲ್ಪ ಒಳಗಿರುವ ಒಂದು ಸಭಾಂಗಣದಲ್ಲಿ. ಬೆಳಗ್ಗೆ ಒಂಬತ್ತೂವರೆಯಿಂದ ಸಂಜೆ ನಾಲ್ಕು. ಒಬ್ಬರಿಗೆ 600 ರೂಪಾಯಿ, ಅದರಲ್ಲೇ ಊಟ, ನೋಟ್ಸು. ಒಟ್ಟು 27 ಜನ: ಹಿರಿಯರಾಗಬೇಕಾದವರು 19, ಹೆಂಡಂದಿರು 8. ಹೊನ್ನಾಳಿ, ಚನ್ನಗಿರಿ, ಚಿತ್ರದುರ್ಗದಿಂದಲೂ ಬಂದಿದ್ದರು. ಕಲಿಸಿದವರು ಇಬ್ಬರು, ಒಬ್ಬರು ನಿವೃತ್ತ ಸಭಾಪಾಲಕರು, ಇನ್ನೊಬ್ಬರು ಬೆಂಗಳೂರಿನಿಂದ ಬರುತ್ತಿದ್ದ ಯುವಕರು. ಬಾಗಿಲಲ್ಲಿ ಕಟ್ಟಿದ ಫ್ಲೆಕ್ಸಿನಲ್ಲಿ ಯಾರ ಫೋಟೋವೂ ಇರಲಿಲ್ಲ, ವಿಷಯ, ದಿನಾಂಕ, ಸಮಯ ಅಷ್ಟೇ. ಈಗ ಯಾವ ಕೂಟದ ಫ್ಲೆಕ್ಸ್ ನೋಡಿದರೂ ಆಳೆತ್ತರದ ಫೋಟೋ, ಹೆಸರಿನ ಹಿಂದೆ ಅಪೊಸ್ತಲ, ಪ್ರವಾದಿ, ಡಾಕ್ಟರ್ ಅಂತ ಬಿರುದು. ಅದನ್ನು ನೋಡಿ ನೋಡಿ ಬೇಸತ್ತಿದ್ದ ನನಗೆ ಒಳಗೆ ಕಾಲಿಡುವಾಗಲೇ ಮನಸ್ಸು ಹಗುರವಾಯಿತು. ಆ ಹಿರಿಯ ಅಯ್ಯನವರು ನಾಲ್ಕು ದಿನವೂ ಊಟವಾದ ಮೇಲೆ ತಮ್ಮ ತಟ್ಟೆ ತಾವೇ ತೊಳೆದಿಟ್ಟರು. ಹಾರ ತಂದವರಿಗೆ ಬೇಡ ಅಂದರು.

ಮೊದಲ ಶನಿವಾರ ಪೂರ್ತಿ ಒಂದೇ ಪಾಠ. ಬೈಬಲಿನಲ್ಲಿ ಅಪೊಸ್ತಲ ಪೌಲನು ತಿಮೊಥೆಯನಿಗೆ ಬರೆದ ಮೊದಲನೆಯ ಪತ್ರಿಕೆಯ 3ನೇ ಅಧ್ಯಾಯ, ಜೊತೆಗೆ ತೀತನಿಗೆ ಬರೆದ ಪತ್ರಿಕೆಯ 1ನೇ ಅಧ್ಯಾಯ. ಸಭೆಯ ಮೇಲ್ವಿಚಾರಕ ಹೇಗಿರಬೇಕು ಅಂತ ಪೌಲನು ಪಟ್ಟಿ ಕೊಟ್ಟಿರುವುದು ಅಲ್ಲೇ. ಅಯ್ಯನವರು ಹಲಗೆಯ ಮೇಲೆ ಒಂದೊಂದಾಗಿ ಬರೆಸಿದರು, ಹದಿನೈದರಷ್ಟಾಯಿತು. ಆಮೇಲೆ ಕೇಳಿದರು: ಇದರಲ್ಲಿ ಕೈಚಳಕ, ವಿದ್ಯೆ, ಸಾಮರ್ಥ್ಯ ಅನ್ನುವಂಥದ್ದು ಎಷ್ಟಿವೆ? ಹುಡುಕಿದರೆ ಒಂದೇ, ಬೋಧಿಸಲು ಬರಬೇಕು ಅನ್ನುವುದು. ಉಳಿದದ್ದೆಲ್ಲ ನಡತೆ. ಒಬ್ಬಳೇ ಹೆಂಡತಿಗೆ ನಿಷ್ಠನಾಗಿರಬೇಕು, ಕುಡುಕನಾಗಿರಬಾರದು, ಹಣದಾಸೆ ಇರಬಾರದು, ಜಗಳಗಂಟನಾಗಿರಬಾರದು, ಮನೆಯವರನ್ನು ಚೆನ್ನಾಗಿ ನಡೆಸುವವನಾಗಿರಬೇಕು. ಹಾಡಲು ಬರಬೇಕು, ಮೈಕಿನಲ್ಲಿ ಗಟ್ಟಿಯಾಗಿ ಪ್ರಾರ್ಥಿಸಬೇಕು, ದುಡ್ಡಿರಬೇಕು ಅಂತ ಎಲ್ಲೂ ಇಲ್ಲ. ನಾವು ಮಾತ್ರ ಅವನ್ನೇ ನೋಡಿ ಆರಿಸುತ್ತೇವೆ.

ದೋಷಾರೋಪಣೆಗೆ ಸಿಗದವನು ಅನ್ನುವ ಮಾತಿಗೆ ಮೂಲದ ಗ್ರೀಕಿನಲ್ಲಿ ‘ಹಿಡಿಯಲು ಸಿಗದವನು’ ಎಂಬ ಅರ್ಥವಂತೆ. ನನಗೆ ಅದು ತಕ್ಷಣ ಹೊಳೆಯಿತು. ಹೊಲಿಗೆ ಮುಗಿದ ರವಿಕೆಯಲ್ಲಿ ಎಲ್ಲೋ ಒಂದು ದಾರದ ತುದಿ ಹೊರಗೆ ಬಿಟ್ಟಿದ್ದರೆ ಗಿರಾಕಿ ಅದನ್ನು ಹಿಡಿದು ಎಳೆಯುತ್ತಾಳೆ, ಇಡೀ ಅಂಚು ಬಿಚ್ಚಿಕೊಳ್ಳುತ್ತದೆ. ಎಳೆಯಲು ತುದಿ ಸಿಗದ ಹಾಗೆ ಬದುಕಿರಬೇಕು. ಇನ್ನೊಂದು ಸೂಕ್ಷ್ಮವನ್ನೂ ಅಯ್ಯನವರು ತೋರಿಸಿದರು. ಎಫೆಸದಲ್ಲಿದ್ದ ತಿಮೊಥೆಯನಿಗೆ ಬರೆಯುವಾಗ ಹೊಸದಾಗಿ ನಂಬಿದವನನ್ನು ಆರಿಸಬೇಡ, ಉಬ್ಬಿಹೋದಾನು ಅನ್ನುತ್ತಾನೆ ಪೌಲ. ಕ್ರೇತದಲ್ಲಿದ್ದ ತೀತನಿಗೆ ಬರೆದದ್ದರಲ್ಲಿ ಆ ಮಾತಿಲ್ಲ. ಅಲ್ಲಿ ಸಭೆಗಳೇ ಹೊಸವು, ಹಳಬರನ್ನು ಎಲ್ಲಿಂದ ತರುವುದು? ಆದರೆ ಮುಂಗೋಪಿ ಆಗಿರಬಾರದು ಅನ್ನುವುದು ಅಲ್ಲಿ ಇದೆ. ಈ ಮುಂಗೋಪದ ಮಾತಿಗೆ ಆಮೇಲೆ ಬರುತ್ತೇನೆ.

ಹೊಡೆಯುವವನಾಗಿರಬಾರದು ಅಂತ ಒಂದು ಗುಣ ಇದೆಯಲ್ಲ, ಅಲ್ಲಿಗೆ ಬಂದಾಗ ಅಯ್ಯನವರು ಸೀಮೆಸುಣ್ಣ ಕೆಳಗಿಟ್ಟರು. ಇದನ್ನು ನಾವು ಬೀದಿ ಹೊಡೆದಾಟ ಅಂದುಕೊಂಡು ದಾಟಿಬಿಡುತ್ತೇವೆ. ಮನೆ ಬಾಗಿಲು ಹಾಕಿಕೊಂಡ ಮೇಲೆ ಏಳುವ ಕೈಗೂ ಇದೇ ಮಾತು ಸಲ್ಲುತ್ತದೆ ಅಂದರು. ನಾವು ಎಂಟು ಜನ ಹೆಂಗಸರು ಹಿಂದಿನ ಸಾಲಿನಲ್ಲಿ ಕೂತಿದ್ದೆವು. ಯಾರೂ ಯಾರ ಮುಖವನ್ನೂ ನೋಡಲಿಲ್ಲ. ಆಮೇಲೆ ಗಂಡಸರನ್ನು ನಾಲ್ಕು ನಾಲ್ಕು ಜನರ ಗುಂಪು ಮಾಡಿ ಅರ್ಧ ಗಂಟೆ ಮಾತಾಡಲು ಬಿಟ್ಟರು. ಅವತ್ತು ಮಧ್ಯಾಹ್ನ ನಮ್ಮ ಮನೆಯವರು ಅನ್ನ ಕಲಸಿಟ್ಟು ಹಾಗೇ ಎದ್ದರು. ಎಕ್ಸೆಲ್ ಗಾಡಿಯ ಮೇಲೆ ಮನೆಗೆ ಬರುವಾಗ ರೈಲ್ವೆ ಗೇಟಿನಲ್ಲಿ ರೈಲಿಗೆ ನಿಂತಿದ್ದಾಗ, ಹಿಂದೆ ತಿರುಗದೆ, “ಪಿಯುಸಿ ಫೇಲಾದಾಗ ಅವನಿಗೆ ಬೆಲ್ಟಿನಲ್ಲಿ ಹೊಡೆದದ್ದು ಹೇಳಿದೆ ಕಣೇ,” ಅಂದರು. ಆರು ವರ್ಷದ ಹಿಂದಿನ ಮಾತು. ಮಗ ಈಗ ಬೆಂಗಳೂರಿನಲ್ಲಿ ಕೆಲಸದಲ್ಲಿದ್ದಾನೆ. ಭಾನುವಾರ ನನಗೆ ಫೋನ್ ಮಾಡುತ್ತಾನೆ, ಅಪ್ಪನನ್ನು ಕೇಳುವುದಿಲ್ಲ. ಆರು ವರ್ಷದಲ್ಲಿ ಅವರು ಈ ವಿಷಯ ಬಾಯಿಬಿಟ್ಟು ಆಡಿದ್ದು ಅದೇ ಮೊದಲು. ಈ ತರಬೇತಿಗೆ ಕೊಟ್ಟ ನಾಲ್ಕು ಅಂಕದಲ್ಲಿ ಒಂದು ಆ ಅರ್ಧ ಗಂಟೆಯದು.

ಎರಡನೇ ಶನಿವಾರ ದುಡ್ಡಿನ ವಿಷಯ. ಎಲ್ಲಕ್ಕಿಂತ ಚೆನ್ನಾಗಿ ಕಲಿಸಿದ್ದು ಇದನ್ನೇ. ಹಳೆಯ ಒಡಂಬಡಿಕೆಯ ಪ್ರವಾದಿ ಸಮುವೇಲನು ಮುಪ್ಪಿನಲ್ಲಿ ಜನರ ಮುಂದೆ ನಿಂತು, ನಾನು ಯಾರ ಎತ್ತು ಕಿತ್ತುಕೊಂಡೆ, ಯಾರ ಕತ್ತೆ ಕಿತ್ತುಕೊಂಡೆ, ಯಾರ ಕೈಯಿಂದ ಲಂಚ ತಿಂದೆ ಹೇಳಿ, ಕೊಟ್ಟುಬಿಡುತ್ತೇನೆ ಅಂತ ಕೇಳುತ್ತಾನೆ. ಪೌಲನು ಮಿಲೇತದಲ್ಲಿ ಎಫೆಸದ ಹಿರಿಯರನ್ನು ಬೀಳ್ಕೊಡುವಾಗ ಯಾರ ಬೆಳ್ಳಿ ಬಂಗಾರಕ್ಕೂ ಬಟ್ಟೆಗೂ ಆಸೆಪಡಲಿಲ್ಲ, ನನ್ನ ಈ ಕೈಗಳೇ ದುಡಿದವು ಅನ್ನುತ್ತಾನೆ. ಗುಡಾರ ಹೊಲಿಯುವ ಕಸಬಿನವನು ಅವನು. ಕೊರಿಂಥದಲ್ಲಿ ಅಕ್ವಿಲ, ಪ್ರಿಸ್ಕಿಲ್ಲ ಗಂಡ ಹೆಂಡತಿಯ ಜೊತೆ ಕೂತು ಅದೇ ಕೆಲಸ ಮಾಡಿದವನು. ಸೂಜಿ ಚುಚ್ಚಿ ಚುಚ್ಚಿ ಗಡುಸಾದ ನನ್ನ ಬೆರಳು ನೋಡಿಕೊಂಡೆ. ಯೆರೂಸಲೇಮಿನ ಬಡವರಿಗೆ ಎತ್ತಿದ ಹಣವನ್ನು ಅವನು ಒಬ್ಬನೇ ಒಯ್ಯಲಿಲ್ಲ. ಸಭೆಗಳೇ ಆರಿಸಿದವರನ್ನು ಜೊತೆಗೆ ಕರೆದುಕೊಂಡ. ದೇವರ ಮುಂದೆ ಮಾತ್ರವಲ್ಲ, ಮನುಷ್ಯರ ಮುಂದೆಯೂ ಸರಿಯಾಗಿ ಕಾಣಬೇಕು ಅನ್ನುವುದು ಅವನ ಲೆಕ್ಕ. ನಮ್ಮ ಹಳ್ಳಿಯಲ್ಲಿ ಅವತ್ತು ಇಷ್ಟು ತಿಳಿದವರು ಒಬ್ಬರಿದ್ದಿದ್ದರೆ ಅಂತ ಅನ್ನಿಸಿ ಕಣ್ಣು ತುಂಬಿ ಬಂತು.

ಬರೀ ವಚನ ಹೇಳಿ ಬಿಡಲಿಲ್ಲ. ಕಾಣಿಕೆ ಎಣಿಸುವಾಗ ಒಂದೇ ಮನೆಯವರಲ್ಲದ ಇಬ್ಬರು ಇರಬೇಕು. ಎಣಿಸಿದ ಮೇಲೆ ಏಳುವ ಮೊದಲೇ ಪುಸ್ತಕದಲ್ಲಿ ಬರೆದು ಇಬ್ಬರೂ ಸಹಿ ಹಾಕಬೇಕು. ಸೋಮವಾರ ಬ್ಯಾಂಕಿಗೆ ಕಟ್ಟಬೇಕು. ಸಭಾಪಾಲಕರು ಹಣ ಮುಟ್ಟಬಾರದು, ಅದು ಅವರ ಮೇಲಿನ ಅನುಮಾನವಲ್ಲ, ಅವರಿಗೇ ರಕ್ಷಣೆ. ತಿಂಗಳ ಲೆಕ್ಕ ಬಾಗಿಲ ಪಕ್ಕದ ಬೋರ್ಡಿಗೆ ಅಂಟಿಸಬೇಕು. ಗೋಡೆಗೆ ಹಾಕುವ ಫೋನ್‌ಪೇ ಸ್ಕ್ಯಾನರ್ ಸಭೆಯ ಖಾತೆಯದ್ದೇ ಆಗಿರಬೇಕು, ಯಾರ ಸ್ವಂತ ನಂಬರಿನದೂ ಆಗಿರಬಾರದು. ಈ ಸ್ಕ್ಯಾನರ್ ಮಾತು ಬಂದಾಗ ಮುಂದಿನ ಸಾಲಿನಲ್ಲಿ ಮೂರ್ನಾಲ್ಕು ಜನ ತಲೆ ತಗ್ಗಿಸಿದರು. ಅಮೆರಿಕದ ಪ್ರಸಿದ್ಧ ಸುವಾರ್ತಾ ಬೋಧಕ ಬಿಲ್ಲಿ ಗ್ರಹಾಂ 1948ರಲ್ಲಿ ಕ್ಯಾಲಿಫೋರ್ನಿಯಾದ ಮೊಡೆಸ್ಟೋ ಊರಿನಲ್ಲಿ ತಮ್ಮ ಜೊತೆಗಾರರೊಂದಿಗೆ ಕೂತು, ಸುವಾರ್ತಿಕರು ಎಲ್ಲೆಲ್ಲಿ ಬೀಳುತ್ತಾರೆ ಅಂತ ಪಟ್ಟಿ ಮಾಡಿ ತಮಗೆ ತಾವೇ ಕಟ್ಟುಪಾಡು ಹಾಕಿಕೊಂಡರಂತೆ: ಹಣ, ಹೆಂಗಸರ ಜೊತೆಗಿನ ನಡವಳಿಕೆ, ಸ್ಥಳೀಯ ಸಭೆಗಳನ್ನು ಹಳಿಯುವುದು, ಜನ ಎಷ್ಟು ಸೇರಿದ್ದರು ಅಂತ ಉಬ್ಬಿಸಿ ಹೇಳುವುದು. ಕೊನೆಯದನ್ನೂ ಪಾಪದ ಪಟ್ಟಿಗೆ ಸೇರಿಸಿದ್ದು ನನಗೆ ತುಂಬ ಹಿಡಿಸಿತು.

ತಾವು ಹೇಳಿದ್ದನ್ನು ತಾವೂ ಮಾಡಿದರು. ಕಟ್ಟಿದ 600ಕ್ಕೆ ನಂಬರ್ ಇರುವ ರಸೀದಿ ಕೊಟ್ಟರು. ಕೊನೆಯ ದಿನ ಲೆಕ್ಕ ಓದಿದರು: ಬಂದದ್ದು 16,200, ಸಭಾಂಗಣದ ಬಾಡಿಗೆ 4,000, ಅಡುಗೆ ಸಾಮಾನು 6,500, ನೋಟ್ಸ್ 2,430, ಬಸ್ ಚಾರ್ಜು ಮತ್ತು ಇತರೆ 2,120, ಉಳಿದದ್ದು 1,150. ಉಳಿದದ್ದನ್ನು ಮುಂದಿನ ಸಲ ಫೀಸು ಕಟ್ಟಲಾಗದವರಿಗೆ ಇಡೋಣವೇ ಅಂತ ನಮ್ಮನ್ನೇ ಕೇಳಿದರು, ಎಲ್ಲರೂ ಕೈ ಎತ್ತಿದೆವು.

ಮೂರನೇ ಶನಿವಾರಕ್ಕೆ ಒಂದು ಪತ್ರ ತರಲು ಹೇಳಿದ್ದರು. ಹಿರಿಯನಾಗುವವನಿಗೆ ಹೊರಗಿನವರಿಂದಲೂ ಒಳ್ಳೆಯ ಸಾಕ್ಷಿ ಇರಬೇಕು ಅನ್ನುವುದು ಆ ಪಟ್ಟಿಯ ಕೊನೆಯ ಮಾತು. ಆದ್ದರಿಂದ ಸಭೆಗೆ ಸೇರದ, ನಿಮ್ಮ ಜೊತೆ ವ್ಯವಹಾರ ಇರುವ ಒಬ್ಬರಿಂದ ನಿಮ್ಮ ಬಗ್ಗೆ ಬರೆಸಿ ತನ್ನಿ, ಓದಬೇಡಿ, ಮಡಚಿ ತನ್ನಿ ಅಂದಿದ್ದರು. ನಮ್ಮ ಮನೆಯವರು ಎರಡು ದಿನ ಯೋಚನೆ ಮಾಡಿ ಕಿರಾಣಿ ಅಂಗಡಿ ಸಾಹುಕಾರರ ಹತ್ತಿರ ಹೋದರು. ವಿಭೂತಿ ಹಚ್ಚಿ ಪೂಜೆ ಮುಗಿಸಿಯೇ ಅಂಗಡಿ ತೆಗೆಯುವ ಹಿರಿಯರು ಅವರು. ನಮ್ಮ ದೇವಾಲಯದ ಹಿರಿಯನಾಗಲು ನಿಮ್ಮ ಮಾತು ಬೇಕಂತೆ ಅಂದಾಗ ಅವರಿಗೆ ಆಶ್ಚರ್ಯವಾಯಿತಂತೆ. ಮೂಟೆಯ ಮೇಲೆ ಕೂತು ಬಿಲ್ಲಿನ ಹಾಳೆಯ ಹಿಂದೆ ಬರೆದುಕೊಟ್ಟರು. ತರಬೇತಿಯಲ್ಲಿ ಅಯ್ಯನವರು ಅದನ್ನು ಮೊದಲು ತಾವು ಓದಿ, ನಮ್ಮಿಬ್ಬರನ್ನೇ ಪಕ್ಕಕ್ಕೆ ಕರೆದು ಓದಿ ಹೇಳಿದರು. ಇದ್ದದ್ದು ಇಷ್ಟು: ಹತ್ತೊಂಬತ್ತು ವರ್ಷದಿಂದ ಉದ್ರಿ ವ್ಯವಹಾರ ಇದೆ, ತಿಂಗಳ ಹತ್ತರೊಳಗೆ ತೀರಿಸುತ್ತಾರೆ. ಒಂದು ಸಲ ಐನೂರು ಹೆಚ್ಚು ಚಿಲ್ಲರೆ ಕೊಟ್ಟಿದ್ದೆ, ರಾತ್ರಿ ಬಾಗಿಲು ಹಾಕುವ ಹೊತ್ತಿಗೆ ವಾಪಸ್ ತಂದರು. ಹುಡುಗರು ಸಾಮಾನು ಕಟ್ಟುವುದು ತಡವಾದರೆ ಬೈಯುತ್ತಾರೆ. ಸಿಟ್ಟು ಜಾಸ್ತಿ, ಮನುಷ್ಯ ಸಾಚಾ.

ಸಾಹುಕಾರರಿಗೆ ತೀತನ ಪತ್ರಿಕೆ ಗೊತ್ತಿಲ್ಲ. ಆದರೆ ಮುಂಗೋಪಿ ಅನ್ನುವ ಅದೇ ಒಂದು ಗುಣಕ್ಕೆ ಬೆರಳು ಇಟ್ಟಿದ್ದರು. ಸ್ವಾಮಿಗಳಾಗಲಿ, ಮೌಲ್ವಿಗಳಾಗಲಿ, ನಮ್ಮ ಅಯ್ಯನವರಾಗಲಿ, ಊರಿನ ಜನ ಒಂದೇ ತಕ್ಕಡಿಯಲ್ಲಿ ತೂಗುತ್ತಾರೆ. ಆ ತಕ್ಕಡಿಯನ್ನು ನಾವೇ ಹೋಗಿ ಕೇಳಿ ತರುವುದನ್ನು ನಾನು ಎಲ್ಲಿಯೂ ಕಂಡಿರಲಿಲ್ಲ. ಬೇರೆ ಏನೂ ಬೇಡ, ನಿಮ್ಮ ಸಭೆಯಲ್ಲಿ ಈ ಪತ್ರದ ಪದ್ಧತಿ ಒಂದನ್ನಾದರೂ ಶುರು ಮಾಡಿ.

ಇನ್ನು ಕೊರತೆ. ನೋಟ್ಸಿನ ಕನ್ನಡ ಚೆನ್ನಾಗಿಲ್ಲ. ಇಂಗ್ಲಿಷಿನಿಂದ ಎತ್ತಿ ಇಟ್ಟದ್ದು, ಅಯ್ಯನವರು ಬಾಯಲ್ಲಿ ಹೇಳಿದ್ದು ಕಾಲು ಭಾಗವೂ ಅದರಲ್ಲಿಲ್ಲ. ಜಗಳೂರಿನಿಂದ ಬಂದಿದ್ದ ಒಬ್ಬರು ಅಣ್ಣ ಎರಡನೇ ವಾರದಿಂದ ಅದನ್ನು ತೆರೆಯಲೇ ಇಲ್ಲ.

ಅತಿಥಿ ಸತ್ಕಾರದ ಪಾಠದ ಹೊತ್ತಿಗೆ ನಾವು ಹೆಂಗಸರು ಅಡುಗೆ ಕೋಣೆಯಲ್ಲಿದ್ದೆವು. ಗ್ರೀಕಿನಲ್ಲಿ ಆ ಮಾತಿಗೆ ‘ಪರದೇಶಿಯನ್ನು ಪ್ರೀತಿಸುವವನು’ ಅಂತ ಅರ್ಥ ಎಂದು ಆಮೇಲೆ ಮನೆಯವರ ನೋಟ್ಸ್ ನೋಡಿ ತಿಳಿದುಕೊಂಡೆ. ಹಿರಿಯನ ಮನೆಗೆ ಜನ ಬಂದರೆ ಎದ್ದು ಒಲೆ ಹಚ್ಚುವವಳು ಯಾರು? ಆ ಪಾಠಕ್ಕೆ ನಾವೇ ಇರಬೇಕಿತ್ತು. ನಾವೂ 600 ಕಟ್ಟಿದ್ದೆವು. ಫೀಸು ಐವತ್ತು ಹೆಚ್ಚು ಮಾಡಿ ಅಡುಗೆಯವರನ್ನು ಇಡಿ ಅಂತ ಬರೆದುಕೊಟ್ಟಿದ್ದೇನೆ. ಚಿತ್ರದುರ್ಗದಿಂದ ಬಂದಿದ್ದ, ಸ್ತ್ರೀಯರ ಕೂಟ ನಡೆಸುವ ಅಕ್ಕ ಒಬ್ಬರು ಇನ್ನೂ ಗಟ್ಟಿಯಾಗಿ ಕೇಳಿದರು: ತಿಮೊಥೆಯನಿಗೆ ಬರೆದ ಪತ್ರಿಕೆಯ ಅದೇ 3ನೇ ಅಧ್ಯಾಯದ 11ನೇ ವಚನದಲ್ಲಿ ಹೆಂಗಸರ ಗುಣಗಳೂ ಇವೆ, ಕೆಂಖ್ರೆಯ ಸಭೆಯ ಸೇವಕಿ ಫೊಯಿಬೆಯ ಹೆಸರು ರೋಮಾಪುರದವರ ಪತ್ರಿಕೆಯಲ್ಲಿದೆ, 2013ರಲ್ಲಿ ನಂದ್ಯಾಲಕ್ಕೆ ಪುಷ್ಪಾ ಲಲಿತಾ ಅವರೇ ಸಿಎಸ್‌ಐ (ದಕ್ಷಿಣ ಭಾರತ ಸಭೆ) ಬಿಷಪ್ಪರಾದರು, ನಮಗೆ ಮಾತ್ರ ಯಾಕೆ ಹೆಂಡತಿ ಅನ್ನುವ ಲೆಕ್ಕದಲ್ಲಷ್ಟೇ ಜಾಗ? ಯುವಕ ಬೋಧಕರು ಮುಂದಿನ ತಂಡದಲ್ಲಿ ಅದಕ್ಕೆ ಸಮಯ ಕೊಡುತ್ತೇವೆ ಅಂದರು.

ಒಂದು ಅಂಕ ಕಳೆದದ್ದು ನಾಲ್ಕನೇ ಶನಿವಾರಕ್ಕೆ. ನಾಯಕನೇ ತಪ್ಪಿ ಬಿದ್ದರೆ ಏನು ಮಾಡಬೇಕು ಅನ್ನುವ ಪಾಠ ಮೂರೂಕಾಲಿಗೆ ಶುರುವಾಗಿ ನಾಲ್ಕಕ್ಕೆ ಮುಗಿಯಿತು. ಹಿರಿಯನ ಮೇಲಿನ ದೂರನ್ನು ಇಬ್ಬರು ಮೂವರು ಸಾಕ್ಷಿಗಳಿಲ್ಲದೆ ತೆಗೆದುಕೊಳ್ಳಬೇಡ ಅನ್ನುವ ವಚನವನ್ನು ತಿಮೊಥೆಯನಿಗೆ ಬರೆದ ಮೊದಲನೆಯ ಪತ್ರಿಕೆಯಿಂದ ಓದಿದರು. ಅದರ ಮುಂದಿನ ಎರಡು ವಚನ, ಪಾಪ ಮಾಡಿದವರನ್ನು ಎಲ್ಲರ ಮುಂದೆ ಗದರಿಸು, ಪಕ್ಷಪಾತ ಮಾಡಬೇಡ ಅನ್ನುವುದನ್ನು ಓಡಿಸಿಬಿಟ್ಟರು. ಬಾಗಿಲು ಹಾಕಿದ ಕೋಣೆಯಲ್ಲಿ ಒಬ್ಬ ಹೆಂಗಸಿಗೋ ಮಗುವಿಗೋ ಆಗುವ ಅನ್ಯಾಯಕ್ಕೆ ಮೂರು ಸಾಕ್ಷಿ ಎಲ್ಲಿಂದ ಬರುತ್ತಾರೆ? ಆ ವಚನವನ್ನು ದೂರು ಮುಚ್ಚಿಹಾಕುವುದಕ್ಕೆ ಕೊಟ್ಟದ್ದಲ್ಲ. ನಮ್ಮ ಸಭೆಗಳಲ್ಲಿ ಭಾನುವಾರದ ಶಾಲೆಗೆ ಮಕ್ಕಳು ಬರುತ್ತಾರೆ. ಮಗುವಿನ ಮೇಲೆ ಲೈಂಗಿಕ ಅಪರಾಧ ನಡೆದದ್ದು ಗೊತ್ತಾದರೆ ಪೊಲೀಸರಿಗೆ ತಿಳಿಸಲೇಬೇಕು ಅಂತ 2012ರ ಪೋಕ್ಸೋ ಕಾಯ್ದೆ ಹೇಳುತ್ತದೆ, ಹಿರಿಯರ ಸಭೆ ಕರೆದು ಒಳಗೊಳಗೇ ತೀರ್ಮಾನ ಮಾಡುವ ವಿಷಯವೇ ಅಲ್ಲ ಅದು. ಆ ಕಾಯ್ದೆಯ ಹೆಸರಾಗಲಿ, ಮಕ್ಕಳ ಸಹಾಯವಾಣಿ 1098 ಆಗಲಿ ಆ ನೋಟ್ಸಿನಲ್ಲಿ ಒಂದು ಸಾಲೂ ಇಲ್ಲ. ನಾನು ಎದ್ದು ನಿಂತು ಹೇಳಿದೆ. ಧ್ವನಿ ನಡುಗುತ್ತಿತ್ತು, ಆದರೂ ಹೇಳಿದೆ. ಹಿರಿಯ ಅಯ್ಯನವರು ನಿಂತುಕೊಂಡೇ ಕೇಳಿ, “ಅಮ್ಮಾ, ಇದು ನಮ್ಮ ತಪ್ಪು, ಬರೆದುಕೊಡಿ,” ಅಂದರು. ಸಬೂಬು ಹೇಳಲಿಲ್ಲ.

ಆಮೇಲೆ ಪ್ರಮಾಣಪತ್ರ. ‘ಅರ್ಹ ನಾಯಕ’ ಅಂತ ಅಚ್ಚಾಗಿದ್ದ ಕಾಗದವನ್ನು 19 ಜನರಿಗೂ ಕೊಟ್ಟರು, ಎರಡು ಶನಿವಾರ ಬಾರದವರಿಗೂ ಕೊಟ್ಟರು. ಅವಸರದಿಂದ ಯಾರ ತಲೆಯ ಮೇಲೂ ಕೈಯಿಟ್ಟು ನೇಮಿಸಬೇಡ ಅಂತ ಅದೇ ಪತ್ರಿಕೆಯಲ್ಲಿ ಓದಿದ ಮೇಲೆ ನಾಲ್ಕು ದಿನಕ್ಕೆ ಅರ್ಹತೆ ಬರೆದುಕೊಡುವುದು ಸರಿಯಲ್ಲ. ಹಾಜರಿದ್ದರು ಅಂತಷ್ಟೇ ಬರೆಯಿರಿ ಅಂದೆ. ಮುಂದಿನ ತಂಡದಿಂದ ಬದಲಾಯಿಸುತ್ತೇವೆ ಅಂದಿದ್ದಾರೆ. ಬದಲಾಯಿಸಿದರೆ ಇಲ್ಲೇ ಸೇರಿಸಿ ಬರೆಯುತ್ತೇನೆ.

ನಮ್ಮ ಮನೆಯವರು ಆ ಕಾಗದವನ್ನು ನಮ್ಮ ಸಭೆಯ ಅಯ್ಯನವರ ಕೈಗೆ ಕೊಟ್ಟು, ಒಂದು ವರ್ಷ ತಡೆಯಿರಿ, ಮಗನ ಜೊತೆ ಮಾತಾಡುವುದಿದೆ ಅಂದರು. ಹೋದ ತಿಂಗಳು ಒಬ್ಬರೇ ರೈಲಿನಲ್ಲಿ ಬೆಂಗಳೂರಿಗೆ ಹೋಗಿದ್ದರು. ಅಲ್ಲಿ ಏನು ಮಾತಾಯಿತು ಅಂತ ನಾನು ಕೇಳಿಲ್ಲ. ಈ ಭಾನುವಾರ ಮಗ ಫೋನ್ ಮಾಡಿದಾಗ ಮಷೀನಿನ ಮುಂದೆ ಕೂತಿದ್ದೆ. ಹೊಲಿಗೆ ಆಯ್ತಾ, ಊಟ ಆಯ್ತಾ ಅಂತ ಕೇಳಿ, “ಅಮ್ಮ, ಅಪ್ಪ ಎಲ್ಲಿ?” ಅಂದ.